ಕೆಂಪು ದಾರ, ನೀಲಿ ದಾರ

ಲಾಂಡ್ರಿಯಲ್ಲಿ ಅವನ ಕೆಲಸ ಗುರುತು ಹಾಕುವುದು. ಆಸ್ಪತ್ರೆಯ ಮೂಟೆಯಾಗಲಿ, ಹೋಟೆಲಿನದಾಗಲಿ, ಮನೆಗಳದಾಗಲಿ, ಮೊದಲು ಬರುವುದು ಅವನ ಮೇಜಿಗೆ. ಅಂಗಿಯಾದರೆ ಕಾಲರಿನ ಒಳಮಗ್ಗುಲಿಗೆ, ಪ್ಯಾಂಟಾದರೆ ಸೊಂಟದ ಪಟ್ಟಿಗೆ, ಹಾಸುಬಟ್ಟೆಯಾದರೆ ಮೂಲೆಗೆ, ಬಣ್ಣದ ದಾರದಲ್ಲಿ ಎರಡು ಮೂರು ಹೊಲಿಗೆ. ಕೆಂಪು ಎರಡು, ನೀಲಿ ಒಂದು ಅಂದರೆ ಒಂದು ಮನೆ. ಹಸಿರು ಮೂರು ಅಂದರೆ ಇನ್ನೊಂದು. ಬಟ್ಟೆ ಉಡುವವರ ಹೆಸರೂ ಮುಖವೂ ಅವನಿಗೆ ಗೊತ್ತಿಲ್ಲ. ಆದರೆ ನೀಲಿ ನಾಲ್ಕರ ಮನೆಯ ಯಜಮಾನರು ಈಚೆಗೆ ಸೊರಗಿದ್ದಾರೆ, ಹಳದಿ ಎರಡರ ಮನೆಯ ಮಗ ಕದ್ದು ಸಿಗರೇಟು ಸೇದುತ್ತಾನೆ ಎಂಬುದು ಗೊತ್ತು. ಹದಿನಾರು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಹಾಗಾಗಿ ಅಲ್ಲಿ ಎಲ್ಲರ ಬಾಯಲ್ಲೂ ಅವನು ಗುರುತಪ್ಪ.

ಅವನ ಮನೆಯಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ ಸುದ್ದಿ ಬಂದ ದಿನ ಇಸ್ತ್ರಿ ಮೇಜಿನ ಹಿರಿಯ, ಎಲ್ಲರೂ ದೊಡ್ಡಣ್ಣ ಎಂದು ಕರೆಯುವವರು, ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಹೇಳಿದರು: "ಇಷ್ಟು ದಿನ ಬರೀ ಗುರುತು ಇತ್ತು ಕಣಯ್ಯ. ಈಗ ಅಪ್ಪನೂ ಬಂದ. ಅದೂ ಡಬಲ್ಲು!"

ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ನಾಲ್ಕು ತಿಂಗಳು ಅವನು ನಕ್ಕದ್ದನ್ನು ಲಾಂಡ್ರಿಯಲ್ಲಿ ಯಾರೂ ನೋಡಿದ ಹಾಗಿಲ್ಲ.

ಹೊಟ್ಟೆಯಲ್ಲಿ ಎರಡಿವೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದಾಗ ಹೆಂಡತಿ ಮುಖ ಅರಳಿಸಿದ್ದಳು. ಅವನ ತಲೆಯಲ್ಲಿ ಮಾತ್ರ ಮನೆ ಮುಟ್ಟುವವರೆಗೂ ಒಂದೇ ಪ್ರಶ್ನೆ. ಎರಡು ಕೈ, ಎರಡು ಮಗು. ಹಾಗಾದರೆ ಬಾಗಿಲು ತೆಗೆಯುವುದು ಯಾವ ಕೈಯಲ್ಲಿ? ಕೊನೆಗೆ ಅವಳನ್ನೇ ಕೇಳಿದ.

"ಕಾಲಲ್ಲಿ ಒದ್ದು ತೆಗೀರಿ" ಎಂದಳು.

ಆಗ ಅವರಿಬ್ಬರಿಗೆ ಇನ್ನೂ ತಮಾಷೆಗೆ ಪುರುಸೊತ್ತಿತ್ತು. ಏಳನೆಯ ತಿಂಗಳಿಗೆ ಅದು ಮುಗಿಯಿತು. ಮಲಗಿಯೇ ಇರಬೇಕು, ಎದ್ದು ಓಡಾಡುವಂತಿಲ್ಲ ಎಂದರು ಡಾಕ್ಟರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವನು ಕೆಲಸದಿಂದ ಬಂದವನೇ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೊದಿಕೆ ಏರಿಳಿಯುವುದನ್ನು ನೋಡಿ, ಆಮೇಲೆ ಚಪ್ಪಲಿ ಬಿಡುತ್ತಿದ್ದ. "ಹೇಗಿದೀಯ?" ಎಂದರೆ "ಚೆನ್ನಾಗಿದೀನಿ." "ನೀವು?" ಎಂದರೆ "ನನಗೇನಾಗಿದೆ?" ಎದೆಯೊಳಗೆ ಕಲ್ಲಿಟ್ಟುಕೊಂಡವರು ಆಡುವ ಮಾತು ಅಷ್ಟೇ ಉದ್ದ ಇರುತ್ತದೆ.

ಮಕ್ಕಳು ಹದಿನೇಳು ನಿಮಿಷದ ಅಂತರದಲ್ಲಿ ಹುಟ್ಟಿದವು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಮೂರನೆಯ ದಿನ ಮಕ್ಕಳ ಡಾಕ್ಟರು ಎರಡನೆಯದರ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಹೃದಯದಲ್ಲಿ ಒಂದು ಸಣ್ಣ ತೂತು ಇರುವ ಹಾಗಿದೆ, ರಕ್ತ ನುಸುಳುವ ಶಬ್ದ ಬರುತ್ತಿದೆ ಎಂದರು. "ಹೆದರಬೇಡಿ. ಬಹಳ ಮಕ್ಕಳಿಗೆ ತಾನಾಗೇ ಮುಚ್ಚಿಕೊಳ್ಳುತ್ತೆ. ನಾಲ್ಕು ತಿಂಗಳಿಗೆ ಕರ್ಕೊಂಡು ಬನ್ನಿ. ಆದರೆ ಮರೀಬೇಡಿ, ಮುಚ್ಚದೆ ಉಳಿದರೆ ಬೇಗ ಗೊತ್ತಾಗಬೇಕು." ಕಾರ್ಡಿನ ಮೇಲೆ ಬರೆದರು: ಎರಡನೆಯ ಮಗು.

ಮನೆಗೆ ಬಂದ ಮೇಲೂ ಮಕ್ಕಳ ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಪಟ್ಟಿ ಇತ್ತು, ಒಂದು, ಎರಡು ಎಂದು ಅಂಕಿ ಬರೆದದ್ದು. ಹನ್ನೊಂದನೆಯ ದಿನ, ಬಾಣಂತನಕ್ಕೆ ಬಂದಿದ್ದ ಅತ್ತೆ ಸ್ನಾನ ಮಾಡಿಸುವಾಗ ಪಟ್ಟಿ ಎಳೆಯ ಚರ್ಮ ಕೊರೆಯುತ್ತದೆಂದು ಎರಡನ್ನೂ ಕತ್ತರಿಸಿ ಹಾಕಿದರು. ಅವನು ಕೆಲಸದಿಂದ ಬಂದಾಗ ಮಕ್ಕಳು ಒಂದೇ ಬಣ್ಣದ ಬಟ್ಟೆಯಲ್ಲಿ ಪಕ್ಕಪಕ್ಕ ಮಲಗಿದ್ದವು. ಅವುಗಳ ಕೈ ಬರಿದಾಗಿತ್ತು. ಅವನು ಬಂದ ಕಾಲಲ್ಲೇ ಲಾಂಡ್ರಿಗೆ ಹಿಂದಿರುಗಿ ಎರಡು ಉಂಡೆ ದಾರ ತಂದ. ಬಿಸಿನೀರಿಗೂ ಸೋಪಿಗೂ ಬಣ್ಣ ಬಿಡದ ದಾರ.

"ಇವರಲ್ಲಿ ದೊಡ್ಡವಳು ಯಾರು?" ಎಂದು ಹೆಂಡತಿಯನ್ನು ಕೇಳಿದ.

"ಇವಳು" ಎಂದಳು ಅವಳು, ಕಣ್ಣು ಮಿಟುಕಿಸುವಷ್ಟೂ ತಡ ಮಾಡದೆ.

ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಹೆತ್ತ ಕರುಳಿಗೆ ಗುರುತು ಬೇಕಾ?" ಎಂದರು. ಅವನಿಗೆ ಹೆಂಡತಿಯ ಬಗ್ಗೆ ಹೆಮ್ಮೆಯಾಯಿತು. ತನ್ನ ಬಗ್ಗೆ ಒಂದಿಷ್ಟು ನಾಚಿಕೆಯೂ ಆಯಿತು. ದೊಡ್ಡವಳ ಕಾಲಿಗೆ ಕೆಂಪು, ಚಿಕ್ಕವಳ ಕಾಲಿಗೆ ನೀಲಿ ಕಟ್ಟಿದ.

ಅತ್ತೆ ಇಪ್ಪತ್ತು ದಿನವಿದ್ದು ಹೋದರು. ಹತ್ತು ವಾರಕ್ಕೆ ಹೆಂಡತಿಯ ರಜೆಯೂ ಮುಗಿಯಿತು. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುವವಳು. ಗುತ್ತಿಗೆಯ ನೌಕರಿ, ಇನ್ನೊಂದು ವಾರ ರಜೆ ಕೇಳಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಿದ್ದರು. ಅವನ ಪಾಳಿ ಬೆಳಗಿನ ಐದರಿಂದ ಹನ್ನೆರಡು, ಅವಳದು ಮಧ್ಯಾಹ್ನ ಒಂದರಿಂದ ಒಂಬತ್ತು. ನಡುವೆ ಬಾಗಿಲಲ್ಲಿ ಸಿಗುತ್ತಿದ್ದರು, ಪಾಳಿ ಮುಗಿಸಿದ ಕಾವಲುಗಾರ ಇನ್ನೊಬ್ಬನಿಗೆ ಬೀಗದ ಕೈ ಕೊಟ್ಟು ಹೊರಡುವ ಹಾಗೆ.

"ದೊಡ್ಡವಳು ಹತ್ತೂವರೆಗೆ ಕುಡಿದಳು. ಚಿಕ್ಕವಳು ಅರ್ಧ ಬಿಟ್ಟಳು. ಬಾಟ್ಲಿ ಕುದಿಸಿಟ್ಟಿದೀನಿ. ಬಟ್ಟೆ ಒಣಗಿಲ್ಲ."

"ಹ್ಞೂಂ."

"ನೀವು ಊಟ ಮಾಡಿ."

"ಹ್ಞೂಂ."

ಮೂರು ಮಹಡಿ ಇಳಿಯುವ ಅವಳ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಅಲ್ಲಿಂದ ರಾತ್ರಿಯವರೆಗೆ ಮನೆಯಲ್ಲಿ ಮೂವರು. ಅದರಲ್ಲಿ ಮಾತು ಬರುವವನು ಒಬ್ಬನೇ, ಅವನಿಗೂ ಆಡಲು ಯಾರೂ ಇಲ್ಲ. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಒಂದಕ್ಕೆ ಹಾಲು ಕುಡಿಸುವಾಗ ಇನ್ನೊಂದು ಅಳುತ್ತಿತ್ತು. ಅದು ಅಳುವುದನ್ನು ಕೇಳಿ ಇದೂ ಬಾಟ್ಲಿ ಬಿಟ್ಟು ಅಳುತ್ತಿತ್ತು. ಎರಡು ಮೂರು ಸಲ ಇಬ್ಬರನ್ನೂ ತೊಟ್ಟಿಲಲ್ಲಿ ಮಲಗಿಸಿ, ಬಾಗಿಲು ಮುಂದೆಳೆದುಕೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತು ಇಪ್ಪತ್ತು ಎಣಿಸಿ ಒಳಗೆ ಬಂದಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಸಂಜೆ ಇಬ್ಬರನ್ನೂ ಎತ್ತಿಕೊಂಡು ಕೆಳಗಿಳಿದರೆ ಬೀದಿಯಲ್ಲಿ ಜನ ನಿಲ್ಲುತ್ತಿದ್ದರು. "ಅಯ್ಯೋ ಅವಳಿ! ಒಂದೇ ಸಲಕ್ಕೆ ಎರಡು! ಪುಣ್ಯ ಮಾಡಿದೀರಿ ಬಿಡಿ!" ಅವರು ನೋಡುತ್ತಿದ್ದದ್ದು ಮಕ್ಕಳನ್ನು. ಅಂಗಿಯ ಗುಂಡಿ ಮೇಲೊಂದು ಕೆಳಗೊಂದು ಹಾಕಿಕೊಂಡಿದ್ದ ಅಪ್ಪ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮನೆ ಬಸ್ ನಿಲ್ದಾಣದ ಹಿಂದೆ ಎರಡನೆಯ ಬೀದಿ. ಅಡುಗೆಮನೆಯ ಕಿಟಕಿ ತೆರೆದರೆ, ಗಾಳಿ ಈ ಕಡೆ ಬೀಸುತ್ತಿದ್ದರೆ, ಧ್ವನಿವರ್ಧಕ ಕೇಳಿಸುತ್ತಿತ್ತು. "ಪ್ರಯಾಣಿಕರ ಗಮನಕ್ಕೆ. ಮೂರು ಗಂಟೆಗೆ ಹೊರಡುವ ಬಸ್ಸು ಆರನೇ ಅಂಕಣದಲ್ಲಿ ನಿಂತಿದೆ." ಅವನಿಗೆ ಹೆಂಡತಿಯ ದನಿ ನಿಧಾನವಾಗಿ ಪೂರ್ತಿಯಾಗಿ ಕೇಳಲು ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಮಕ್ಕಳು ರಚ್ಚೆ ಹಿಡಿದಾಗ ಇಬ್ಬರನ್ನೂ ಹೆಗಲಿಗೆ ಹಾಕಿಕೊಂಡು ಆ ಕಿಟಕಿಗೆ ಬರುತ್ತಿದ್ದ. ಮಕ್ಕಳು ಸುಮ್ಮನಾಗುತ್ತಿದ್ದವು. ಊರಿಗೆಲ್ಲ ಬಸ್ಸಿನ ದಾರಿ ಹೇಳುವವಳು ತನಗೂ ಏನಾದರೂ ಹೇಳುತ್ತಿದ್ದಾಳೆ ಎಂದುಕೊಂಡು ಅವನು ಅಲ್ಲೇ ನಿಂತಿರುತ್ತಿದ್ದ.

ಒಂದು ದಿನ ಅವಳು ಒಂಬತ್ತನೇ ಅಂಕಣದ ಬಸ್ಸನ್ನು ಎರಡನೇ ಅಂಕಣ ಎಂದಳು. ಸ್ವಲ್ಪ ಹೊತ್ತಿಗೆ "ಕ್ಷಮಿಸಿ, ಒಂಬತ್ತನೇ ಅಂಕಣ" ಎಂದಳು. ಮತ್ತೊಮ್ಮೆ "ಕ್ಷಮಿಸಿ" ಎಂದಳು. ಅದಕ್ಕೆ ಕಾರಣವೇ ಇರಲಿಲ್ಲ. ದನಿ ಒಡೆದಿತ್ತು. ಆ ರಾತ್ರಿ ಅವಳು ಅದರ ಬಗ್ಗೆ ಏನೂ ಹೇಳಲಿಲ್ಲ. ಅವನೂ ಕೇಳಿಸಿತೆಂದು ಹೇಳಲಿಲ್ಲ.

ಅದಕ್ಕೂ ಮುಂಚೆ, ಆರನೆಯ ವಾರದ ಲಸಿಕೆಗೆ ಹೋದಾಗ ನರ್ಸು ಹೆಂಡತಿಯನ್ನು ಪರದೆಯ ಹಿಂದೆ ಕೂರಿಸಿಕೊಂಡು ಒಂದಷ್ಟು ಪ್ರಶ್ನೆ ಕೇಳಿದ್ದರು. ಸುಮ್ಮಸುಮ್ಮನೆ ಅಳು ಬರುತ್ತಾ? ನಿದ್ದೆಗೆ ಸಮಯವಿದ್ದರೂ ನಿದ್ದೆ ಬರಲ್ವಾ? ಎಲ್ಲ ತನ್ನ ತಪ್ಪೇ ಅನ್ನಿಸುತ್ತಾ? ಅವನು ಪರದೆಯ ಈಚೆ ಚೀಲ ಹಿಡಿದು ಕೂತಿದ್ದ. ಅವಳ ಉತ್ತರಗಳು ಕೇಳುತ್ತಿದ್ದವು: "ಇಲ್ಲ." "ಇಲ್ಲ ಸಿಸ್ಟರ್." "ಹಾಗೇನಿಲ್ಲ." ಈಚೆ ಕೂತವನು ಒಂದೊಂದಕ್ಕೂ ಮನಸ್ಸಿನಲ್ಲೇ ಉತ್ತರ ಕೊಟ್ಟ. ಅವನ ಉತ್ತರಗಳು ಬೇರೆ ಇದ್ದವು. ಅವನನ್ನು ಯಾರೂ ಕೇಳಲಿಲ್ಲ.

ಇಷ್ಟೆಲ್ಲದರ ನಡುವೆ ಅವನಿಗೆ ಒಂದೇ ಒಂದು ನೆಮ್ಮದಿ ಇತ್ತು: ಏನೇ ಕೈಮೀರಿದರೂ ಯಾರು ಯಾರೆಂಬುದು ತಪ್ಪುವುದಿಲ್ಲ. ಕೆಂಪು, ದೊಡ್ಡವಳು. ನೀಲಿ, ಚಿಕ್ಕವಳು. ನಾಲ್ಕು ತಿಂಗಳಿಗೆ ಡಾಕ್ಟರು ನೋಡಬೇಕಾದದ್ದು ನೀಲಿಯನ್ನು.

ಆ ಭೇಟಿಗೆ ಒಂಬತ್ತು ದಿನ ಮುಂಚೆ, ಒಂದು ಮಂಗಳವಾರ, ಹೆಂಡತಿ ಬಾಗಿಲಲ್ಲಿ ಹೇಳಿದಳು: "ಕಾಲಿನ ದಾರ ಬಿಗಿಯಾಗಿದೆ ರೀ. ಗೆರೆ ಮೂಡಿದೆ. ಬದಲಾಯಿಸಿ."

ಲಾಂಡ್ರಿಯಲ್ಲಿ ಹೊಸಬರು ಯಾರೇ ಬರಲಿ, ಅವನು ಮೊದಲು ಕಲಿಸುವ ಪಾಠ ಒಂದೇ. ಹಳೆಯ ಗುರುತು ಬಿಚ್ಚಿದರೆ ಹೊಸದನ್ನು ಹಾಕಿದ ಮೇಲೆಯೇ ಇನ್ನೊಂದು ಬಟ್ಟೆ ಮುಟ್ಟಬೇಕು. ಎರಡನ್ನು ಒಟ್ಟಿಗೆ ಬಿಚ್ಚಿದೆಯೋ, ಕೆಟ್ಟೆ. ಈ ಪಾಠವನ್ನು ಎಷ್ಟು ಜನಕ್ಕೆ ಹೇಳಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

ಅವತ್ತು ಮಕ್ಕಳನ್ನು ಟವೆಲ್ಲಿನ ಮೇಲೆ ಪಕ್ಕಪಕ್ಕ ಮಲಗಿಸಿದ. ಕತ್ತರಿ ತೆಗೆದುಕೊಂಡ. ಕೆಂಪು ದಾರ ಕತ್ತರಿಸಿದ. ಮಗು ಕಿರುಚಿತು. ಅದಕ್ಕೆ ನೋವಾಯಿತೋ ಏನೋ ಎಂದು ಗಾಬರಿಯಾಗಿ, ಕತ್ತರಿ ಕೈಯಲ್ಲಿದ್ದಾಗಲೇ ಬೇಗ ಮುಗಿಸಿಬಿಡೋಣವೆಂದು ನೀಲಿಯನ್ನೂ ಕತ್ತರಿಸಿದ. ಅದೂ ಕಿರುಚಿತು. ಎರಡೂ ಮುಖ ಕೆಂಪಗೆ ಮಾಡಿಕೊಂಡು, ಉಸಿರು ಸಿಕ್ಕಿಕೊಳ್ಳುವ ಹಾಗೆ ಅಳತೊಡಗಿದವು. ಯೋಚಿಸಲಿಲ್ಲ. ಇಬ್ಬರನ್ನೂ ಎತ್ತಿ ಹೆಗಲಿಗೊಬ್ಬಳಂತೆ ಹಾಕಿಕೊಂಡು ಕಿಟಕಿಗೆ ಬಂದ. ಅವಳ ದನಿ ಬರುತ್ತಿತ್ತು: ಎರಡೂಕಾಲರ ಬಸ್ಸು, ನಾಲ್ಕನೇ ಅಂಕಣ. ಮಕ್ಕಳು ಬಿಕ್ಕುತ್ತ ಸುಮ್ಮನಾದವು. ಒಂದು ಕೈ ಸೋತಿತು, ಅವರನ್ನು ಅದಲುಬದಲು ಮಾಡಿಕೊಂಡ. ಒಂದು ಸಲವೋ, ಎರಡು ಸಲವೋ. ಬಹಳ ಹೊತ್ತು ನಿಂತಿದ್ದ. ನಿಂತಲ್ಲೇ ಒಂದು ಜೊಂಪು ಹತ್ತಿದ್ದೂ ಇರಬಹುದು. ಹಿಂದಿರುಗಿ ಮಕ್ಕಳನ್ನು ಟವೆಲ್ಲಿನ ಮೇಲೆ ಮಲಗಿಸಿ, ಕೆಂಪು ದಾರದ ಉಂಡೆ ಎತ್ತಿಕೊಂಡು ನೋಡಿದ.

ನಾಲ್ಕು ಬರಿಗಾಲು ಗಾಳಿಯಲ್ಲಿ ಒದೆಯುತ್ತಿದ್ದವು. ನಾಲ್ಕರ ಮೇಲೂ ಒಂದೇ ಥರದ ಮಡಿಕೆ. ದಾರದ ಗೆರೆ ಎರಡು ಕಾಲಲ್ಲೂ ಇತ್ತು. ಗೆರೆಗೆ ಬಣ್ಣವಿರಲಿಲ್ಲ.

ಹುಬ್ಬು ನೋಡಿದ. ಕಿವಿಯ ಹಿಂದೆ, ಕಂಕುಳಲ್ಲಿ, ಬೆನ್ನ ಮೇಲೆ ಮಚ್ಚೆ ಹುಡುಕಿದ. ಸಾವಿರ ಬಿಳಿ ಅಂಗಿಗಳ ನಡುವೆ ಒಂದನ್ನು ಗುರುತಿಸುವ ಕಣ್ಣು ತನ್ನ ಇಬ್ಬರು ಮಕ್ಕಳ ಮುಂದೆ ಕುರುಡಾಗಿತ್ತು. ಕೊನೆಗೆ ಎಡಗಡೆಯವಳಿಗೆ ಕೆಂಪು, ಬಲಗಡೆಯವಳಿಗೆ ನೀಲಿ ಕಟ್ಟಿದ. ಗಂಟು ಮಾತ್ರ ಚೆನ್ನಾಗಿ ಬಿದ್ದಿತು.

ರಾತ್ರಿ ಹೆಂಡತಿ ಬಂದು ಕಾಲು ನೋಡಿ "ಈಗ ಸರಿಯಾಯ್ತು" ಎಂದಳು. ಕಟ್ಟಿದ್ದು ಅದಲುಬದಲಾಗಿದ್ದರೆ ಹೆತ್ತವಳಿಗೆ ಗೊತ್ತಾಗುತ್ತಿರಲಿಲ್ಲವೇ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯಲ್ಲಿ ಅದೂ ಹೋಯಿತು. ಅವಳು ಮಕ್ಕಳ ಮುಖ ನೋಡಿರಲಿಲ್ಲ, ದಾರ ನೋಡಿದ್ದಳು. ಅವನ ಕಟ್ಟನ್ನು ನಂಬಿದ್ದಳು.

ಆಮೇಲಿನ ದಿನಗಳು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ಕಳೆದವು. ಅವನ ಭಯ ಸರಳವಾಗಿತ್ತು. ದಾರ ತಪ್ಪಿದ್ದರೆ ಡಾಕ್ಟರು ನೀಲಿ ದಾರದ ಗಟ್ಟಿಮುಟ್ಟಾದ ಮಗುವನ್ನು ನೋಡಿ "ತೂತು ಮುಚ್ಚಿದೆ, ಹೋಗಿಬನ್ನಿ" ಎನ್ನುತ್ತಾರೆ. ತೂತಿರುವ ಮಗು ಕೆಂಪು ದಾರ ಕಟ್ಟಿಕೊಂಡು ಯಾರ ಲಕ್ಷ್ಯಕ್ಕೂ ಬರದೆ ಮನೆಗೆ ಮರಳುತ್ತದೆ. ಮಧ್ಯಾಹ್ನ ಒಬ್ಬೊಬ್ಬರ ಎದೆಗೂ ಕಿವಿಯಿಟ್ಟು ಕೇಳುತ್ತಿದ್ದ. ಎರಡೂ ಹೊಲಿಗೆ ಯಂತ್ರದ ಹಾಗೆ ಓಡುತ್ತಿದ್ದವು. ಮೂರನೆಯ ಶಬ್ದ ಕೇಳಿಸುತ್ತಿತ್ತು. ಅದು ಅವನದೇ ಎದೆಯದು.

ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದ.

"ಒಂದು ಮಾತಿತ್ತು."

"ಹಾಲಿನ ಪುಡಿ ಮುಗೀತಾ?"

"ಅದಲ್ಲ."

"ಹಾಗಾದ್ರೆ ರಾತ್ರಿ ಹೇಳಿ, ಈಗಾಗಲೇ ಐದು ನಿಮಿಷ ಲೇಟು."

ರಾತ್ರಿ ಅವಳು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ತೂಕಡಿಸುತ್ತಿದ್ದಳು. ಅವನು ತಟ್ಟೆ ಎತ್ತಿಟ್ಟು ದೀಪ ಆರಿಸಿದ.

ಭಾನುವಾರ ಲಾಂಡ್ರಿಯಲ್ಲಿ ಹದಿನಾರು ವರ್ಷದಲ್ಲಿ ಮೊದಲ ಸಲ ಅವನ ಕೈ ತಪ್ಪಿತು. ಹೋಟೆಲಿನ ಹಾಸುಗಳಿಗೆ ಆಸ್ಪತ್ರೆಯ ಗುರುತು ಹಾಕಿದ. ದೊಡ್ಡಣ್ಣ ಇಸ್ತ್ರಿ ಮಾಡುವಾಗ ಕಂಡುಹಿಡಿದು ಗಲಾಟೆ ಮಾಡದೆ ಅವನ ಮೇಜಿಗೆ ತಂದಿಟ್ಟರು.

"ಏನಯ್ಯ, ಹೋಟೆಲಿನವರನ್ನ ಆಸ್ಪತ್ರೆಗೆ ಸೇರಿಸೋ ಯೋಚನೇನಾ?"

ಅವನು ಹೊಲಿಗೆ ಬಿಚ್ಚತೊಡಗಿದ. ಬಿಚ್ಚುತ್ತಲೇ ಕೇಳಿದ: "ದೊಡ್ಡಣ್ಣ, ಎರಡು ಒಂದೇ ಥರದ ಬಟ್ಟೆ. ಎರಡರದ್ದೂ ಗುರುತು ಹೋಗಿದೆ. ಏನ್ಮಾಡ್ತೀರಿ?"

"ನಿನ್ನ ಕೇಳ್ತೀನಿ."

"ನನಗೂ ಗೊತ್ತಿಲ್ಲ ಅನ್ಕೊಳ್ಳಿ."

ದೊಡ್ಡಣ್ಣ ಅವನ ಮುಖವನ್ನು ಒಂದು ಸಲ ನೋಡಿದರು. "ಬಟ್ಟೆಯವರನ್ನ ಕರೆದು ಎರಡನ್ನೂ ಮುಂದೆ ಇಟ್ಟುಬಿಡೋದಪ್ಪ. ನಮ್ಮ ಹತ್ರ ಗುರುತಿಲ್ಲ ಅಂತ ಒಪ್ಕೊಳ್ಳೋದು. ನಮಗೆ ಗೊತ್ತಿಲ್ಲದಿದ್ರೂ ಉಟ್ಟೋರಿಗೆ ಗೊತ್ತಿರುತ್ತೆ. ಬೈತಾರೆ. ಬೈಸ್ಕೊಳ್ಳೋದು. ಬೈಗುಳ ಏನು ಒಗೆದರೆ ಹೋಗದ ಕಲೆಯಾ?"

ಆದರೆ ಅವನು ಹೆಂಡತಿಗೆ ಹೇಳಲಿಲ್ಲ. ಬದಲಿಗೆ ಒಂದು ಉಪಾಯ ಹೂಡಿದ. ಇಬ್ಬರನ್ನೂ ನೋಡಿ ಎಂದು ಡಾಕ್ಟರನ್ನು ಕೇಳುವುದು. ತೂತು ಎಲ್ಲಿದ್ದರೂ ಸಿಕ್ಕಿಬೀಳುತ್ತದೆ. ಕೆಂಪು ದಾರದವಳಲ್ಲಿ ಸಿಕ್ಕರೆ? ಆಗ ಎಲ್ಲರ ಎದುರಿಗೆ ಹೇಳಲೇಬೇಕಾಗುತ್ತದೆ. ಇಲ್ಲದಿದ್ದರೆ ದೊಡ್ಡವಳಿಗೂ ಕಾಯಿಲೆ ಬಂತೆಂದು ಹೆಂಡತಿ ಎದೆ ಒಡೆದುಕೊಳ್ಳುತ್ತಾಳೆ. ಬಂದಾಗ ನೋಡಿಕೊಳ್ಳೋಣ ಎಂದುಕೊಂಡ.

ಗುರುವಾರ ಬೆಳಿಗ್ಗೆ ರಜೆ ಹಾಕಿದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಡೆಗಂಟಿದ ಕುರ್ಚಿಗಳ ಮೇಲೆ ಒಂದೂವರೆ ಗಂಟೆ ಕಾದರು. ಕರೆದಾಗ ನರ್ಸು ಕಾರ್ಡು ನೋಡಿ, "ಎರಡನೇ ಮಗು ಮಾತ್ರ ಒಳಗೆ ತನ್ನಿ" ಎಂದರು.

ಅವರು ಇಬ್ಬರು ಮಕ್ಕಳನ್ನೂ ಎತ್ತಿಕೊಂಡೇ ಒಳಗೆ ಹೋದರು. ಡಾಕ್ಟರು ಕನ್ನಡಕ ಹಣೆಗೇರಿಸಿಕೊಂಡಿದ್ದ ಚುರುಕಿನ ಹೆಂಗಸು. ನೀಲಿ ದಾರ ಕಂಡು, "ಗುರುತು ಬೇರೆ ಹಾಕಿಟ್ಟಿದೀರಿ, ಭೇಷ್" ಎಂದರು. ಅವನ ಕಿವಿ ಬಿಸಿಯಾಯಿತು.

"ಡಾಕ್ಟ್ರೇ, ಇಬ್ಬರದ್ದೂ ನೋಡಿ."

"ಯಾಕೆ, ದೊಡ್ಡವಳಿಗೇನಾಯ್ತು?"

"ಏನಿಲ್ಲ. ಸುಮ್ನೆ..."

"ಹೌದು ಡಾಕ್ಟ್ರೇ, ಇಬ್ಬರದ್ದೂ ನೋಡಿಬಿಡಿ" ಎಂದಳು ಹೆಂಡತಿ ಥಟ್ಟನೆ. ಅವನು ಅವಳ ಕಡೆ ತಿರುಗಿದ. ಅವಳು ಮಗುವಿನ ಟೊಪ್ಪಿಗೆ ಸರಿಪಡಿಸುತ್ತಿದ್ದಳು.

"ಬಂದಿದೀರಲ್ಲ, ನೋಡೋಣ ಬಿಡಿ" ಎಂದರು ಡಾಕ್ಟರು.

ಮೊದಲು ನೀಲಿ. ಕೊಳವೆಯಿಟ್ಟು ಕೇಳಿ, ಆಮೇಲೆ ಎದೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಓಡಿಸಿದರು. ತೆರೆಯ ಮೇಲೆ ಬೂದು ಬಣ್ಣದ ಪುಟ್ಟ ಬಾಗಿಲುಗಳು ತೆರೆದು ಮುಚ್ಚುತ್ತಿದ್ದವು. "ಮುಚ್ಚಿಕೊಂಡಿದೆ. ಚೆನ್ನಾಗಿದೆ" ಎಂದರು. ಹೆಂಡತಿ ಉಸಿರು ಬಿಡಲಿಲ್ಲ. ಅವನೂ ಬಿಡಲಿಲ್ಲ. ಆಮೇಲೆ ಕೆಂಪು. ಅದೇ ಅಂಟು, ಅದೇ ಬಾಗಿಲುಗಳು. ಡಾಕ್ಟರು ಒಂದು ಕಡೆ ಯಂತ್ರ ನಿಲ್ಲಿಸಿ ಬಗ್ಗಿ ನೋಡಿದರು. ಅವನು ಬಾಯಿ ತೆರೆಯಲು ಸಿದ್ಧನಾದ.

"ಇವಳದ್ದೂ ಏನೇನೂ ಇಲ್ಲ. ಇಬ್ಬರೂ ಕುದುರೆ ಮರಿ ಥರ ಇದಾರೆ. ಇನ್ನು ಇದಕ್ಕಾಗಿ ಬರೋದೇ ಬೇಡ."

ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವನು ಅಂಟು ಒರೆಸಲು ಬಟ್ಟೆ ಹುಡುಕಿದ.

ಆಸ್ಪತ್ರೆಯ ಎದುರಿನ ಬಸ್ ತಂಗುದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಎಷ್ಟೋ ವಾರಗಳ ಮೇಲೆ, ಹಗಲು ಹೊತ್ತಿನಲ್ಲಿ, ಒಟ್ಟಿಗೆ, ಏನೂ ಮಾಡದೆ ಕೂತದ್ದು ಅದೇ ಮೊದಲು. ಅವನಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಯಾರು ಯಾರೆಂದು ಹೇಳಬಲ್ಲ ಒಂದೇ ಒಂದು ಗುರುತು ಆ ತೂತಾಗಿತ್ತು. ಅದೂ ಮುಚ್ಚಿಹೋಗಿತ್ತು. ಈಗ ಅವನು ಸುಮ್ಮನಿದ್ದರೆ ಈ ವಿಷಯ ಯಾರಿಗೂ ಎಂದೂ ತಿಳಿಯುವುದಿಲ್ಲ. ಮಕ್ಕಳು ಬೆಳೆಯುತ್ತಾರೆ, ಶಾಲೆಗೆ ಹೋಗುತ್ತಾರೆ, ಅಕ್ಕ ತಂಗಿ ಎಂದು ಕರೆದುಕೊಳ್ಳುತ್ತಾರೆ. ಪ್ರತಿ ಸಲ ಅದನ್ನು ಕೇಳುವಾಗ ಆ ಮನೆಯಲ್ಲಿ ಈ ಗುಟ್ಟಿನೊಂದಿಗೆ ಅವನೊಬ್ಬನೇ ಇರುತ್ತಾನೆ.

"ಒಂದು ಹೇಳ್ಬೇಕು" ಎಂದ.

"ಹೇಳಿ. ಬಸ್ಸು ಬಂದಿಲ್ಲ."

ಹೇಳಿದ. ಕತ್ತರಿ, ಕಿಟಕಿ, ಹೆಗಲು, ಬರಿಗಾಲು, ಎಲ್ಲ. ಎರಡೂ ದಾರ ಒಟ್ಟಿಗೆ ಬಿಚ್ಚಿದ್ದನ್ನೂ ಹೇಳಿದ. ಹೇಳುತ್ತ ಅವಳ ಕಡೆ ನೋಡಲಿಲ್ಲ, ರಸ್ತೆ ನೋಡಿದ.

ಅವಳು ಮಡಿಲಲ್ಲಿದ್ದವಳ ಕಾಲಿನ ದಾರ ಸವರಿದಳು.

"ಯಾವತ್ತು?"

"ಹೋದ ವಾರ. ಮಂಗಳವಾರ. ಒಂಬತ್ತು ದಿನ ಆಯ್ತು."

"ಬರೀ ಒಂಬತ್ತು ದಿನ?" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡ. ನೋಡಿದರೆ ನಗುತ್ತಿದ್ದಳು, ಆದರೂ ಕಣ್ಣಲ್ಲಿ ನೀರಿತ್ತು.

"ನನಗೆ ಹನ್ನೊಂದನೇ ದಿನದಿಂದ ಗೊತ್ತಿಲ್ಲ ರೀ."

"ಏನು?"

"ಅಮ್ಮ ಪಟ್ಟಿ ಕತ್ತರಿಸಿದ್ರಲ್ಲ, ಅವತ್ತಿಂದ. ಸ್ನಾನ ಆಗಿ ಇಬ್ಬರನ್ನೂ ತಂದು ಮಲಗಿಸಿದ್ರು. ನಾನು ನೋಡಿದೆ. ನೋಡಿದೆ, ನೋಡಿದೆ, ಗೊತ್ತಾಗಲಿಲ್ಲ. ನೀವು ದಾರ ಹಿಡ್ಕೊಂಡು ಬಂದು ದೊಡ್ಡವಳು ಯಾರು ಅಂದ್ರಿ. ಅಮ್ಮ ಅಲ್ಲೇ ನಿಂತಿದ್ರು. ಹೆತ್ತವಳೇ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ? ಯಾರನ್ನೋ ತೋರಿಸಿದೆ."

"ಹಾಗಾದ್ರೆ ದಾರ..."

"ಮೊದಲ ದಿನದಿಂದಾನೂ ಊಹೆ. ನೀವು ಕಟ್ಟಿದ ಮೇಲೆ, ಗುರುತಪ್ಪನ ಕೈ ಕಟ್ಟಿದ್ದು, ಇನ್ನು ಅದೇ ನಿಜ ಅಂದ್ಕೊಂಡೆ. ಆದರೂ ಆ ಎದೆ ಶಬ್ದದ್ದು..." ಅವಳು ನಿಲ್ಲಿಸಿದಳು. "ನರ್ಸು ಕೇಳಿದ್ರು, ಎಲ್ಲ ನಿಮ್ಮ ತಪ್ಪೇ ಅನ್ಸುತ್ತಾ ಅಂತ. ಇಲ್ಲ ಅಂದೆ. ಅದೊಂದೇ ಅನ್ಸೋದು ನನಗೆ. ಮೂರೂವರೆ ತಿಂಗಳು, ಒಂದೊಂದು ಬಾಟ್ಲಿ ಕುಡಿಸುವಾಗ್ಲೂ. ಇವತ್ತು ಇಬ್ಬರದ್ದೂ ನೋಡಿ ಅಂತ ಹೇಗೆ ಬಾಯಿ ಬಿಡೋದು ಅಂತ ಬೆಳಗಿಂದ ಪಾಠ ಮಾಡ್ಕೊಂಡು ಬಂದಿದ್ದೆ. ಅಷ್ಟರಲ್ಲಿ ನೀವೇ ಅಂದ್ಬಿಟ್ರಿ."

ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಇಬ್ಬರೂ ಒಂದೇ ಹೊತ್ತಿಗೆ ಮಕ್ಕಳ ಮುಖಕ್ಕೆ ಬಟ್ಟೆ ಎಳೆದರು.

"ಅವತ್ತು ನೀನು ಒಂಬತ್ತನೇ ಅಂಕಣಾನ ಎರಡು ಅಂದೆ. ಎರಡು ಸಲ ಕ್ಷಮಿಸಿ ಅಂದೆ. ಕಿಟಕೀಲಿ ಕೇಳಿಸ್ತು."

"ಕೇಳಿಸ್ತಾ?" ಅವಳು ತಲೆ ತಗ್ಗಿಸಿದಳು. "ಹೇಳ್ಬೇಕಿತ್ತು."

"ಏನಂತ?"

"ಏನೋ ಒಂದು. ಕೇಳಿಸ್ತು ಅಂತ."

ಅವನು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಆಮೇಲೆ ಕೇಳಿದ: "ಈಗ ಏನು ಮಾಡೋದು? ಇವರಲ್ಲಿ ದೊಡ್ಡವಳು ಯಾರು?"

ಅವಳು ಮಡಿಲಲ್ಲಿದ್ದವಳನ್ನು ನೋಡಿದಳು. ಆಮೇಲೆ ಅವನ ಹೆಗಲ ಮೇಲಿದ್ದವಳನ್ನು ನೋಡಿದಳು. ಇಬ್ಬರೂ ಗಾಢ ನಿದ್ದೆಯಲ್ಲಿದ್ದರು.

"ಎದ್ದ ಮೇಲೆ ಯಾರು ಮೊದಲು ಆಕಳಿಸ್ತಾಳೋ ಅವಳು."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ. ಹದಿನೇಳು ನಿಮಿಷದ ದೊಡ್ಡಸ್ತಿಕೆಗೆ ಇನ್ನೇನು ಬೇಕು? ಮೊದಲು ಆಕಳಿಸಿದವಳಿಗೆ ಕೆಂಪು. ಅಲ್ಲಿಂದ ಅದೇ ಸತ್ಯ. ನೀವು ಸಾಕ್ಷಿ, ನಾನು ಸಾಕ್ಷಿ."

"ಇಬ್ಬರೂ ಒಟ್ಟಿಗೆ ಆಕಳಿಸಿದ್ರೆ?"

"ಆಗ ದೊಡ್ಡಣ್ಣನ್ನ ಕರೆಸೋಣ."

ಅವನ ಗಂಟಲಿಂದ ಒಂದು ವಿಚಿತ್ರ ಸದ್ದು ಬಂತು. ನಕ್ಕು ಬಹಳ ದಿನವಾಗಿದ್ದರಿಂದ ಅದು ಕೆಮ್ಮಿನ ಹಾಗಿತ್ತು.

ಬಸ್ಸು ತುಂಬಿತ್ತು. ಯಾರೋ ಮುಂದೆ ಎದ್ದು ಅವಳಿಗೆ ಜಾಗ ಕೊಟ್ಟರು, ಇನ್ಯಾರೋ ಹಿಂದೆ ಅವನಿಗೆ ಕೊಟ್ಟರು. ನಡುವೆ ನಿಂತವರ ಕೈ, ಚೀಲ, ಕೊಡೆ. ಅವಳು ಆಗಾಗ ಕತ್ತು ಚಾಚಿ ಹುಬ್ಬೇರಿಸುತ್ತಿದ್ದಳು: ಆಕಳಿಸಿದಳಾ? ಅವನು ತಲೆಯಾಡಿಸುತ್ತಿದ್ದ: ಇಲ್ಲ. ನಿಲ್ದಾಣದಲ್ಲಿ ಇಳಿದಾಗ ಒಂದಕ್ಕೆ ಏಳು ನಿಮಿಷವಿತ್ತು. ಅವಳು ತನ್ನ ಕೈಯಲ್ಲಿದ್ದವಳನ್ನೂ ಅವನಿಗೆ ಕೊಟ್ಟು, ಎರಡು ಹೆಜ್ಜೆ ಹೋಗಿ ಹಿಂದಿರುಗಿದಳು. ಬಾಟಲಿಯ ಮಾತಿಗೆ ಬಂದಳೆಂದುಕೊಂಡ. ಅವಳು ಅವನ ಅಂಗಿಯ ಗುಂಡಿ ಬಿಚ್ಚಿ ಸ್ಥಾನಕ್ಕೆ ಸರಿಯಾಗಿ ಹಾಕಿ ಹೋದಳು.

ಮನೆಯಲ್ಲಿ ಎಲ್ಲ ಎಂದಿನ ಹಾಗೇ ಇತ್ತು. ತೊಳೆಯದ ಬಾಟಲಿ, ಹಗ್ಗದ ಮೇಲೆ ಒಣಗದ ಬಟ್ಟೆ, ಒಬ್ಬಳು ಎದ್ದರೆ ಇನ್ನೊಬ್ಬಳು. ಮಧ್ಯಾಹ್ನ ಉದ್ದವಾಗಿಯೇ ಇತ್ತು. ಅವನು ಕಿಟಕಿ ತೆರೆದಿಟ್ಟು ಇಬ್ಬರನ್ನೂ ಅದರ ಹತ್ತಿರ ಟವೆಲ್ಲಿನ ಮೇಲೆ ಮಲಗಿಸಿ ಪಕ್ಕದಲ್ಲಿ ನೆಲದ ಮೇಲೆ ಕೂತ. ಮೂರು ಗಂಟೆಯ ಬಸ್ಸು, ಆರನೇ ಅಂಕಣ. ಮೂರೂವರೆಯದು, ಒಂದನೇ ಅಂಕಣ.

ನಾಲ್ಕು ಗಂಟೆಗೆ ಫೋನು ಬಂತು. ಅವಳು ಕೆಲಸಕ್ಕೆ ಮರಳಿದಂದಿನಿಂದ ಆ ಹೊತ್ತಿನ ಫೋನಿಗೆ ಮೂರೇ ಪ್ರಶ್ನೆ: ಕುಡಿದ್ರಾ, ಮಲಗಿದ್ರಾ, ಜ್ವರ ಇಲ್ಲ ತಾನೇ?

"ಆಕಳಿಸಿದ್ರಾ?" ಎಂದಳು.

ಒಬ್ಬಳು ಆಗಲೇ ಆಕಳಿಸಿದ್ದಳು. ಅರ್ಧ ಗಂಟೆಯ ಹಿಂದೆ, ಮುಷ್ಟಿ ಬಿಗಿದು, ಇಡೀ ಮುಖವೇ ಬಾಯಾಗುವ ಹಾಗೆ. ಅವನು ಗಡಿಯಾರ ಕೂಡ ನೋಡಿಕೊಂಡಿದ್ದ.

"ಇಲ್ಲ, ಇನ್ನೂ ಇಲ್ಲ" ಎಂದ. "ನೀನು ಬರಲಿ ಅಂತ ಕಾಯ್ತಾ ಇದಾರೆ."